ಅಮ್ಮನ ಕಪಾಟಿನಿಂದ ಮಾಡಿದ ಗಿಟಾರು

ನನ್ನ ಹತ್ತಿರ ಎಲೆಕ್ಟ್ರಿಕ್ ಗಿಟಾರು ಮಾಡಿಸಿಕೊಳ್ಳಲು ಬರುವ ಹುಡುಗರು ಕುರ್ಚಿಯಲ್ಲಿ ಕೂರುವ ಮೊದಲೇ ಮರದ ಹೆಸರು ಕೇಳುತ್ತಾರೆ. ಮಹಾಗನಿ ಇದೆಯಾ, ಬೀಟೆ ಇದೆಯಾ, ಹಳೇ ಮರ ಸಿಕ್ಕೀತಾ. ತಂತಿಯ ದನಿ ಹಿಡಿಯಲು ಯಾವ ಪಿಕಪ್ ಹಾಕುತ್ತೀರಿ, ಅದನ್ನು ಎಲ್ಲಿ ಕೂರಿಸುತ್ತೀರಿ ಎಂದು ಕೇಳುವವರು ಅಪರೂಪ. ನಾನು ಸಹನೆಯಿಂದಲೇ ಶುರುಮಾಡುತ್ತೇನೆ. ಆದರೆ ಯಾರಾದರೂ 'ಬೀಟೆಯ ಸ್ವರವೇ ಬೇರೆ' ಅಂದರೆ ನನ್ನ ಕಿವಿ ಬಿಸಿಯಾಗುತ್ತದೆ, ಮಾತು ಒರಟಾಗುತ್ತದೆ. ಕೆಲವರು ಹಾಗೇ ಎದ್ದು ಹೋದದ್ದೂ ಉಂಟು. ಹೋಗಲಿ. ಬೀಟೆಯ ವಿಷಯದಲ್ಲಿ ನಾನು ನಯವಾಗಿ ಮಾತಾಡಲಾರೆ. ಯಾಕೆ ಎಂದು ಹೇಳಬೇಕಾದರೆ ಘಾಜಿಯಾಬಾದಿನ ನಮ್ಮ ಮನೆಯೊಳಕ್ಕೆ ಹೋಗಬೇಕು.

ಅದು ಮೂರನೇ ಮಹಡಿಯ ಮನೆ. ಒಂದು ಹಾಲು, ಒಂದು ಒಳಕೋಣೆ, ಇಬ್ಬರು ಒಟ್ಟಿಗೆ ನಿಂತರೆ ಮೊಣಕೈ ತಾಗುವ ಅಡುಗೆಮನೆ, ರೈಲು ಹಳಿಗೆ ಮುಖಮಾಡಿದ ಬಾಲ್ಕನಿ. ಹಾಲು ದೊಡ್ಡಪ್ಪನದು ಮತ್ತು ಅವರ ಮಗ ಜೀವನನದು. ದೊಡ್ಡಮ್ಮ ತೀರಿಕೊಂಡ ಮೇಲೆ 'ಸ್ವಲ್ಪ ದಿನಕ್ಕೆ' ಎಂದು ಬಂದ ದೊಡ್ಡಪ್ಪ ವರ್ಷಗಳಾದರೂ ಅಲ್ಲೇ ಇದ್ದರು. ಅಪ್ಪ, ಅಮ್ಮ, ನಾನು ಒಳಕೋಣೆಯಲ್ಲಿ. ನಾವು ಕರಾವಳಿಯಿಂದ ಬಂದ ಪ್ರಾಟೆಸ್ಟೆಂಟ್ ಕ್ರೈಸ್ತರು. ತಿಂಗಳಿಗೊಮ್ಮೆ ದೆಹಲಿಯಲ್ಲಿ ನಡೆಯುವ ಕನ್ನಡ ಆರಾಧನೆಯೇ ನಮಗೆ ಊರು, ನೆಂಟರು, ಹಬ್ಬ ಎಲ್ಲ. ಅಲ್ಲಿ ಗಿಟಾರು ನುಡಿಸುತ್ತಿದ್ದವರು ದೊಡ್ಡಪ್ಪ. ದಯಾನಂದರ ಕಿವಿ ಬಹಳ ಸೂಕ್ಷ್ಮ ಎಂದು ಎಲ್ಲರೂ ಹೇಳುತ್ತಿದ್ದರು, ಎಲ್ಲರಿಗಿಂತ ಹೆಚ್ಚಾಗಿ ದೊಡ್ಡಪ್ಪನೇ ಹೇಳುತ್ತಿದ್ದರು. ಮನೆಯಲ್ಲಿ ಮೊದಲ ತಟ್ಟೆ ಅವರದು, ಮೀನಿನ ನಡುತುಂಡು ಅವರದು, ಮಸಾಲೆ ನುಣ್ಣಗೆ ಅರೆದಿಲ್ಲ ಎಂಬ ತೀರ್ಪೂ ಅವರದೇ. ಅಮ್ಮ ಓಖ್ಲಾದ ಒಂದು ಗಾರ್ಮೆಂಟ್ ಕಾರ್ಖಾನೆಯಲ್ಲಿ ಹೊಲಿಗೆ ತಪಾಸಣೆಯ ಕೆಲಸ ಮಾಡುತ್ತಿದ್ದಳು. ಬೆಳಿಗ್ಗೆ ಎಲ್ಲರ ಡಬ್ಬಿ ತುಂಬಿಸಿ ಹೊರಟರೆ ಮರಳುವುದು ದೀಪ ಹಚ್ಚಿದ ಮೇಲೆ. ಬಂದವಳು ಚಪ್ಪಲಿ ಬಿಟ್ಟು ನೇರ ಒಲೆಯ ಮುಂದೆ ನಿಲ್ಲುತ್ತಿದ್ದಳು. ಹಾಲಿನಲ್ಲಿ ಕೂತ ಇಬ್ಬರು ಗಂಡಸರಿಗೆ ಅದು ಸೂರ್ಯ ಮುಳುಗಿದಷ್ಟೇ ಸಹಜವಾಗಿ ಕಾಣುತ್ತಿತ್ತು.

ಆ ಮನೆಯಲ್ಲಿ ಅಮ್ಮನದು ಎಂದು ಇದ್ದದ್ದು ಒಂದು ಬೀಟೆ ಮರದ ಕಪಾಟು. ಮುಲ್ಕಿಯಲ್ಲಿ ಅಜ್ಜಿ ಮಾಡಿಸಿ, ಮದುವೆಯಾದ ಮಗಳ ಹಿಂದೆ ರೈಲಿನಲ್ಲಿ ಕಳಿಸಿದ್ದು. ಒಳಕೋಣೆಯ ಕಿಟಕಿಯನ್ನು ಅರ್ಧ ಮುಚ್ಚಿ ನಿಂತಿತ್ತು ಅದು. ಎರಡು ದಪ್ಪ ಬಾಗಿಲು, ಕಪ್ಪು ನೇರಳೆ ಬಣ್ಣ, ನೀರಿನ ಅಲೆಯಂತೆ ಓಡುವ ಗೆರೆಗಳು. ತೆರೆದರೆ ಒಣಮರದ, ಕರ್ಪೂರದ ಗುಳಿಗೆಯ, ಇಸ್ತ್ರಿ ಸೀರೆಯ ವಾಸನೆ ಒಟ್ಟಿಗೆ ಬರುತ್ತಿತ್ತು. ಅದರ ಕೀಲಿಯನ್ನು ಅಮ್ಮ ಪಿನ್ನಿಗೆ ಸಿಕ್ಕಿಸಿ ಬಳೆಗೆ ಹಾಕಿಕೊಳ್ಳುತ್ತಿದ್ದಳು. ಒಳಗೆ ಹೆಚ್ಚೇನೂ ಇರಲಿಲ್ಲ. ಆದರೆ ಭಾನುವಾರ ಮಧ್ಯಾಹ್ನ ಊಟ ಮುಗಿದ ಮೇಲೆ ಅಮ್ಮ ಎರಡೂ ಬಾಗಿಲು ತೆರೆದು, ಅವುಗಳ ನಡುವೆ ನೆಲದ ಮೇಲೆ ಕೂತು ಬಟ್ಟೆ ಮಡಿಚುತ್ತಿದ್ದಳು. ಬಾಗಿಲುಗಳು ಎರಡೂ ಕಡೆ ಗೋಡೆಯಂತೆ ನಿಲ್ಲುತ್ತಿದ್ದವು. ಆಗ ಯಾರೂ ಅವಳನ್ನು ಕರೆಯುತ್ತಿರಲಿಲ್ಲ. ಇಡೀ ವಾರದಲ್ಲಿ ಅಮ್ಮನಿಗೆ ಬಾಗಿಲು ಇದ್ದದ್ದು ಆ ಒಂದು ತಾಸು.

ನಾನು ಏಳನೇ ತರಗತಿಯಲ್ಲಿದ್ದೆ. ಜೀವನ್ ನನಗಿಂತ ಸ್ವಲ್ಪ ದೊಡ್ಡವನು. ಚರ್ಚಿನ ಹುಡುಗರ ಜೊತೆ ನುಡಿಸಲು ಅವನಿಗೆ ಎಲೆಕ್ಟ್ರಿಕ್ ಗಿಟಾರು ಬೇಕಾಯಿತು. ಅಂಗಡಿಯಲ್ಲಿ ಸಿಗುವುದೆಲ್ಲ ಕಸ, ತಾನೇ ಮಾಡುತ್ತೇನೆ ಎಂದು ದೊಡ್ಡಪ್ಪ ಹೊರಟರು. ಕರೋಲ್ ಬಾಗಿನ ಸಂದಿಯೊಂದರಲ್ಲಿ ಹಳೇ ವಾದ್ಯಗಳ ಬಿಡಿಭಾಗ ಮಾರುವವನಿಂದ ಕುತ್ತಿಗೆ, ತಂತಿ, ಪಿಕಪ್ ಎಲ್ಲ ತಂದರು. ಗಿಟಾರಿನ ಒಡಲಿಗೆ ಮಾತ್ರ ಸಾಮಾನ್ಯ ಮರ ಅವರಿಗೆ ಆಗುವುದಿಲ್ಲ. ಊಟಕ್ಕೆ ಕೂತಾಗಲೆಲ್ಲ ಅದೇ ಮಾತು. ಸ್ವರ ಇರುವುದು ಮರದಲ್ಲಿ, ಕುಲೀನ ಮರಕ್ಕೆ ಕುಲೀನ ಸ್ವರ, ಕೀಳು ಮರಕ್ಕೆ ಕೀಳು ಸ್ವರ. ಜಾತಿಯನ್ನು ಬಿಟ್ಟು ಬಂದವರೆಂದು ಪ್ರಾರ್ಥನೆಯಲ್ಲಿ ಕೃತಜ್ಞತೆ ಹೇಳುವ ಮನುಷ್ಯ ಅದನ್ನು ಮರದ ಮೇಲೆ ಹೊರಿಸಿದ್ದು ಆಗ ನನಗೆ ಹೊಳೆದಿರಲಿಲ್ಲ. ಈಗ ಹೊಳೆಯುತ್ತದೆ.

ಒಂದು ಶನಿವಾರ ನಾನು ಶಾಲೆ ಮುಗಿಸಿ ಬಂದಾಗ ಅಮ್ಮನ ಸೀರೆಗಳು ಮಂಚದ ಮೇಲೆ ರಾಶಿಯಾಗಿದ್ದವು. ಕಪಾಟಿಗೆ ಬಾಗಿಲಿರಲಿಲ್ಲ. ಕೀಲಿ ಅಮ್ಮನ ಬಳೆಯಲ್ಲೇ ಇದ್ದರೂ ಹೊರಗಿನಿಂದ ಸ್ಕ್ರೂ ಬಿಚ್ಚಿ ಬಾಗಿಲು ಕಳಚಿದ್ದರು, ಖಾಲಿ ಕೀಲುಗಳು ಎರಡೂ ಕಡೆ ಚಾಚಿಕೊಂಡಿದ್ದವು. ಬಾಲ್ಕನಿಯಲ್ಲಿ ಒಬ್ಬ ಬಡಗಿ ಭಯ್ಯಾ ಮೆಷಿನ್ ಗರಗಸ ಆರಿಸಿ ಬೀಡಿ ಹಚ್ಚುತ್ತಿದ್ದ. ಎರಡು ಬಾಗಿಲುಗಳನ್ನೂ ಗಿಟಾರಿನ ಅಳತೆಗೆ ಕೊಯ್ದು ಒಂದರ ಮೇಲೊಂದು ಇಟ್ಟು ಅಂಟು ಹಾಕಿ ಬಿಗಿದಿದ್ದರು. ಉಳಿದ ತುಂಡುಗಳು ಮೂಲೆಯಲ್ಲಿ ಬಿದ್ದಿದ್ದವು.

"ದೊಡ್ಡಪ್ಪ, ಇದು ಅಮ್ಮನ ಕಪಾಟಲ್ವಾ?"

"ಬಾಗಿಲು ತಾನೇ ಪುಟ್ಟಿ," ಅಂದರು ದೊಡ್ಡಪ್ಪ. "ಕಪಾಟು ಹಾಗೇ ಇದೆಯಲ್ಲ."

ಸಂಜೆ ಅಮ್ಮ ಬಂದಳು. ಕೈಯಲ್ಲಿ ತರಕಾರಿಯ ಚೀಲ. ಅದನ್ನು ಕೆಳಗಿಡದೆ ಕಪಾಟಿನ ಮುಂದೆ ನಿಂತಳು. ಒಂದು ಕೀಲನ್ನು ಬೆರಳಿನಿಂದ ಆಡಿಸಿದಳು. ಅದು ಗಾಳಿಯಲ್ಲಿ ತೆರೆದು ಮುಚ್ಚಿತು. ನಾನು ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ. ಹಾಲಿಗೆ ಬಂದು ನಿಂತಳು. ದೊಡ್ಡಪ್ಪ ಉತ್ಸಾಹದಿಂದಲೇ ಮಾತು ಶುರುಮಾಡಿದರು.

"ನೋಡು ಸುಮತಿ, ಇಂಥ ಬೀಟೆ ಈಗ ಎಲ್ಲೂ ಸಿಗಲ್ಲ. ಸುಮ್ನೆ ಬಟ್ಟೆ ಕಾಯ್ತಾ ನಿಂತಿತ್ತು. ಜೀವನ್ ಇದನ್ನ ಆರಾಧನೆಯಲ್ಲಿ ನುಡಿಸಿದಾಗ ನಿನಗೇ ಹೆಮ್ಮೆ ಆಗ್ತದೆ."

"ನನ್ನನ್ನ ಒಂದು ಮಾತು ಕೇಳಬಹುದಿತ್ತು, ಭಾವ."

"ಕೇಳಿದ್ರೆ ನೀನು ಬೇಡ ಅಂತಿದ್ದೆ."

ಈ ಮಾತನ್ನು ಅವರು ಮುಚ್ಚುಮರೆಯಿಲ್ಲದೆ, ಒಳ್ಳೆಯ ಕಾರಣ ಕೊಟ್ಟವರಂತೆ ಹೇಳಿದರು. ಇಷ್ಟು ವರ್ಷಗಳ ನಂತರ ಇವತ್ತೂ ಆ ವಾಕ್ಯ ನೆನಪಾದರೆ ನನ್ನ ಹಲ್ಲು ಕಚ್ಚಿಕೊಳ್ಳುತ್ತದೆ. ಅಪ್ಪ ಟಿವಿಯ ಸದ್ದು ಸ್ವಲ್ಪ ಕಡಿಮೆ ಮಾಡಿ, ಮತ್ತೆ ಅದನ್ನೇ ನೋಡತೊಡಗಿದರು. ಅಮ್ಮ ಅಡುಗೆಮನೆಗೆ ಹೋದಳು. ಅವತ್ತು ರಾತ್ರಿ ಊಟಕ್ಕೆ ಎಂದಿನಂತೆ ಎಲ್ಲ ಇತ್ತು. ನನಗೆ ಅದನ್ನು ನೋಡಿಯೇ ಸಿಟ್ಟು ಬಂತು. ಮಾರನೇ ದಿನ ಅಮ್ಮ ಹಳೇ ಮಂಚದ ಹೊದಿಕೆಯೊಂದನ್ನು ಕತ್ತರಿಸಿ ಕಪಾಟಿಗೆ ಪರದೆ ಕಟ್ಟಿದಳು. ಭಾನುವಾರ ಮಧ್ಯಾಹ್ನ ಅದರ ಮುಂದೆ ಕೂರುವುದನ್ನು ಬಿಟ್ಟಳು.

ಗಿಟಾರು ತಯಾರಾಯಿತು. ನೋಡಲು ಚೆಂದವೇ ಇತ್ತು. ಆದರೆ ಎತ್ತಿದರೆ ಭುಜ ಜಗ್ಗುತ್ತಿತ್ತು, ನುಡಿಸಿದರೆ ಸ್ಟೀಲು ತಟ್ಟೆಗೆ ಚಮಚ ಬಡಿದ ಹಾಗೆ ತೆಳ್ಳಗೆ, ಚೂಪಾಗಿ ಕೂಗುತ್ತಿತ್ತು. ದೊಡ್ಡಪ್ಪ ಮೊದಲು ತಂತಿಯನ್ನು ಬೈದರು, ಆಮೇಲೆ ಆಂಪ್ಲಿಫಯರನ್ನು, ಆಮೇಲೆ ಘಾಜಿಯಾಬಾದಿನ ಕರೆಂಟನ್ನು, ಕಡೆಗೆ ಜೀವನನ ಬೆರಳುಗಳನ್ನು. ದಿನವೂ ಅವನನ್ನು ಕೂರಿಸಿ ಅದೇ ಪಾಠ, ಅದೇ ಬೈಗುಳ. ಜೀವನ್ ಒಳ್ಳೆಯ ಹುಡುಗ. ಆ ಗಿಟಾರನ್ನು ಕೈಗೆತ್ತಿಕೊಳ್ಳುವಾಗ ಅಮ್ಮ ಹತ್ತಿರದಲ್ಲಿದ್ದರೆ ಅವನು ತಲೆ ತಗ್ಗಿಸುತ್ತಿದ್ದ.

ಒಂದು ಮಧ್ಯಾಹ್ನ ಮನೆಯಲ್ಲಿ ನಾವಿಬ್ಬರೇ. ಪಿಕಪ್ಪಿನ ಸ್ಕ್ರೂ ಸಡಿಲವಾಗಿ ಅದು ತನ್ನ ಗುಳಿಯಿಂದ ಎದ್ದು ಬಂದಿತ್ತು. ಪಿಕಪ್ ಎಂದರೆ ಬೇರೇನಲ್ಲ, ಕೂದಲೆಳೆಯಂಥ ತಾಮ್ರದ ತಂತಿ ಸುತ್ತಿದ ಅಯಸ್ಕಾಂತ. ಮೇಲೆ ಉಕ್ಕಿನ ತಂತಿ ಅದುರಿದರೆ ಇದು ಅದನ್ನು ಕರೆಂಟಾಗಿ ಮಾಡಿ ಆಂಪ್ಲಿಫಯರಿಗೆ ಕಳಿಸುತ್ತದೆ. ದೊಡ್ಡಪ್ಪ ಅದನ್ನು ಬ್ರಿಜ್‌ಗೆ, ಅಂದರೆ ತಂತಿಗಳು ಕೆಳಗೆ ಬಂದು ಕೂರುವ ಲೋಹದ ಪಟ್ಟಿಗೆ, ಅಂಟಿಸಿದಷ್ಟು ಹತ್ತಿರ ಕೂರಿಸಿದ್ದರು. ಪಿಕಪ್ ಇನ್ನೂ ತನ್ನ ವೈರಿನಲ್ಲಿ ಜೋತುಬಿದ್ದಿತ್ತು. ಸುಮ್ಮನೆ ತಮಾಷೆಗೆ ನಾನು ಅದನ್ನು ಬೆರಳಲ್ಲಿ ಹಿಡಿದು ತಂತಿಗಳ ಮೇಲೆ ತಲೆಕೆಳಗಾಗಿ ಒಡ್ಡಿದೆ. ಜೀವನ್ ಮೀಟಿದ. ಅದೇ ಚೂಪು ದನಿ. ಕೈಯನ್ನು ನಿಧಾನ ಕುತ್ತಿಗೆಯ ಕಡೆ ಸರಿಸಿದೆ. ದನಿ ತುಂಬಿಕೊಳ್ಳುತ್ತ ಬಂತು. ಇನ್ನೂ ಸರಿಸಿದಾಗ ದುಂಡಗೆ, ಆಳಕ್ಕೆ ಇಳಿಯಿತು. ವಾಪಸ್ ತಂದರೆ ಮತ್ತೆ ತೆಳು.

"ಅರೆ ಯಾರ್," ಅಂದ ಜೀವನ್. "ಫಿರ್ ಸೆ ಮಾಡು ಅನು. ನಿಧಾನ."

ಅವನು ಮೀಟುತ್ತ ಹೋದ, ನಾನು ಕೈ ಸರಿಸುತ್ತ ಹೋದೆ. ಅದೇ ಮರ, ಅದೇ ತಂತಿ, ಅದೇ ಬೆರಳು. ಬದಲಾದದ್ದು ಅಯಸ್ಕಾಂತ ಕೂತು ಕೇಳುವ ಜಾಗ ಮಾತ್ರ. ಬ್ರಿಜ್ಜಿನ ಹತ್ತಿರ ತಂತಿ ಬಿಗಿಯಾಗಿ ಸಣ್ಣಗೆ ನಡುಗುತ್ತದೆ, ಅಲ್ಲಿ ಕೇಳಿದರೆ ಚೂಪಾದದ್ದೇ ಹೆಚ್ಚು ಸಿಗುತ್ತದೆ. ಕುತ್ತಿಗೆಯ ಕಡೆಗೆ ಅದು ಅಗಲವಾಗಿ ತೂಗುತ್ತದೆ, ಅಲ್ಲಿ ಕೇಳಿದರೆ ತುಂಬಿದ ದನಿ. ಈ ವಿವರಣೆಯನ್ನು ನಾನು ಕಲಿತದ್ದು ಆಮೇಲೆ. ಅವತ್ತು ಕಿವಿಗೆ ಗೊತ್ತಾದದ್ದು ಸಾಕಾಗಿತ್ತು. ನಾವಿಬ್ಬರೂ ಉಳಿಯಿಂದ ಗುಳಿಯನ್ನು ಮುಂದಕ್ಕೆ ಕೊರೆದು ಪಿಕಪ್ಪನ್ನು ಹೊಸ ಜಾಗದಲ್ಲಿ ಕೂರಿಸಿದೆವು.

ಸಂಜೆ ದೊಡ್ಡಪ್ಪ ಕೇಳಿ ಕಣ್ಣು ಮುಚ್ಚಿಕೊಂಡರು.

"ನಾನು ಹೇಳಲಿಲ್ವಾ? ಮರ ಈಗ ಬಾಯಿ ಬಿಡ್ತಾ ಇದೆ."

ಪಿಕಪ್ ಸರಿಸಿದ್ದನ್ನು ಜೀವನ್ ಹೇಳಿದ. ತೋರಿಸಿದ. ದೊಡ್ಡಪ್ಪ ಅದನ್ನು ನೋಡಿದರು, ನೋಡಿಯೂ ಕೈಬೀಸಿದರು.

"ಅದು ಬರೀ ಮೈಕು ಕಣೋ. ಮೈಕು ಎಲ್ಲಿದ್ರೇನು? ಸ್ವರ ಮರದ್ದು."

ಮುಂದಿನ ಆರಾಧನೆಯ ದಿನ ಜೀವನ್ ನುಡಿಸಿದ, ಜನ ಮೆಚ್ಚಿದರು. ದೊಡ್ಡಪ್ಪ ಎಲ್ಲರಿಗೂ ಬೀಟೆಯ ಕಥೆ ಹೇಳಿದರು. ಆ ಕಥೆಯಲ್ಲಿ ಕಪಾಟು 'ಮನೆಯಲ್ಲಿದ್ದ ಒಂದು ಹಳೇ ಸಾಮಾನು' ಆಗಿತ್ತು. ಅಮ್ಮ ಹೆಂಗಸರ ಸಾಲಿನಲ್ಲಿ ನಿಂತು ಅದನ್ನು ಕೇಳಿಸಿಕೊಂಡಳು. ನಾನು ಅವಳ ಮುಖ ನೋಡುತ್ತಿದ್ದೆ. ಮನೆಗೆ ಮರಳುವಾಗ ರೈಲಿನಲ್ಲಿ ಅವಳ ಪಕ್ಕ ಕೂತು ಕೇಳಿದೆ.

"ಅಮ್ಮ, ನಿನ್ನ ಕಾರ್ಖಾನೆಗೆ ಹೊಲಿಗೆ ಮೆಷಿನ್ ಬರ್ತದಲ್ಲ, ಮರದ ಪೆಟ್ಟಿಗೆಯಲ್ಲಿ. ಆ ಹಲಗೆ ತಂದುಕೊಡ್ತೀಯಾ?"

"ಏನಕ್ಕೆ?"

"ಗಿಟಾರಿಗೆ ನಿನ್ನ ಬಾಗಿಲು ಬೇಕಾಗಿರಲಿಲ್ಲ ಅಂತ ತೋರಿಸೋಕೆ."

ಅಮ್ಮ ಕಿಟಕಿಯಾಚೆ ನೋಡುತ್ತ ಕೂತಳು. ಒಂದು ವಾರ ಕಳೆದಿರಬೇಕು, ಮಹಿಳೆಯರ ಬೋಗಿಯ ನೂಕುನುಗ್ಗಲಿನಲ್ಲಿ, ಸಣಬಿನ ಹಗ್ಗ ಕಟ್ಟಿದ ಹಲಗೆಗಳ ಕಟ್ಟನ್ನು ಮಗುವಿನಂತೆ ತಬ್ಬಿಕೊಂಡು ಬಂದಳು. ತಪಾಸಣೆಗೆ ಬಳಸುವ ತನ್ನ ಅಳತೆ ಟೇಪನ್ನೂ ಕೊಟ್ಟಳು.

ಪೈನ್ ಮರ. ಹಗುರ, ಬಿಳಚು, ತುಂಬ ಗಂಟು, ಮೊಳೆ ಕಿತ್ತ ತೂತುಗಳು. ಒಂದು ಹಲಗೆಯ ಮೇಲೆ 'ಈ ಬದಿ ಮೇಲಕ್ಕೆ' ಎಂದು ಇಂಗ್ಲಿಷಿನಲ್ಲಿ ಅಚ್ಚು ಹೊಡೆದ ಬಾಣದ ಗುರುತು. ದೊಡ್ಡಪ್ಪ ಮನೆಯಲ್ಲಿಲ್ಲದ ಹೊತ್ತು ನೋಡಿ ನಾನೂ ಜೀವನನೂ ಅಂಟಿಸಿದೆವು, ಕೊಯ್ದೆವು, ಉಜ್ಜಿದೆವು. ಜೀವನ್ ಕರೋಲ್ ಬಾಗಿಗೆ ಹೋಗಿ ಅದೇ ಅಂಗಡಿಯಿಂದ ಅದೇ ತರಹದ ಕುತ್ತಿಗೆ, ಪಿಕಪ್, ಬ್ರಿಜ್ ತಂದ. ಬ್ರಿಜ್ಜಿನಿಂದ ಪಿಕಪ್ಪಿಗೆ ಇರುವ ದೂರವನ್ನು ನಾನು ಅಮ್ಮನ ಟೇಪಿನಿಂದ ಮತ್ತೆ ಮತ್ತೆ ಅಳೆದೆ. ತಂತಿಗೂ ಪಿಕಪ್ಪಿಗೂ ನಡುವಿನ ಎತ್ತರವನ್ನೂ ಅಳೆದೆ. ಕೆಲಸ ಮಾಡುವಾಗ ನನಗೆ ಸಂತೋಷವಾಗುತ್ತಿತ್ತು ಎಂದು ಹೇಳಿದರೆ ಸುಳ್ಳು. ಉಜ್ಜುಗಾಗದದ ಪ್ರತಿ ಎಳೆತಕ್ಕೂ ನಾನು ಮನಸ್ಸಿನಲ್ಲಿ ದೊಡ್ಡಪ್ಪನ ಜೊತೆ ಜಗಳವಾಡುತ್ತಿದ್ದೆ.

ಒಂದು ಭಾನುವಾರ ಪಾಸ್ಟರ್ ಮತ್ತು ಚರ್ಚಿನ ಕೆಲವರು ಊಟಕ್ಕೆ ಬಂದಿದ್ದರು. ನೀರುದೋಸೆ, ಕೋಳಿ ಸಾರು ಮುಗಿದ ಮೇಲೆ ದೊಡ್ಡಪ್ಪನ ಬೀಟೆಯ ಮಾತು ಬಂತು. ಅದು ಬರುತ್ತದೆಂದು ನನಗೆ ಗೊತ್ತಿತ್ತು. ಜೀವನ್ ಹೊಸದೊಂದು ಗಿಟಾರು ತಂದಿದ್ದಾನೆ, ಒಳಕೋಣೆಯಿಂದ ಎರಡನ್ನೂ ನುಡಿಸುತ್ತಾನೆ, ಬೀಟೆಯದು ಯಾವುದೆಂದು ದೊಡ್ಡಪ್ಪ ಗುರುತಿಸಲಿ ಅಂದೆ. ಪಾಸ್ಟರಿಗೆ ಖುಷಿಯಾಯಿತು. ದೊಡ್ಡಪ್ಪ ನಕ್ಕರು, ಗೋಡೆಗೆ ಒರಗಿ ಕಣ್ಣು ಮುಚ್ಚಿದರು. ಜೀವನ್ ಬಾಗಿಲ ಪರದೆಯ ಹಿಂದೆ ಕೂತು ಒಂದೇ ಗೀತೆಯ ಒಂದೇ ಸಾಲನ್ನು ಎರಡು ಸಲ ನುಡಿಸಿದ.

"ಎರಡನೇದು," ಅಂದರು ದೊಡ್ಡಪ್ಪ, ಒಂದು ಕ್ಷಣವೂ ತಡೆಯದೆ. "ಕೇಳಿದಿರಲ್ಲ, ಎಷ್ಟು ಘನ ಇದೆ. ಮೊದಲನೇದು ಯಾವುದೋ ಕಳಪೆ ಮರ."

ನಾನು ಎರಡನೆಯದನ್ನು ಹೊರಗೆ ತಂದು ಅವರ ತೊಡೆಯ ಮೇಲಿಟ್ಟೆ. ಬಾಣದ ಗುರುತು ಮೇಲಕ್ಕೇ ಇತ್ತು.

"ಇದು ಮೆಷಿನ್ ಬಂದ ಪೆಟ್ಟಿಗೆ, ದೊಡ್ಡಪ್ಪ."

ಯಾರೋ ನಕ್ಕರು. ಪಾಸ್ಟರ್ ಕೆಮ್ಮಿ ನೀರು ಕೇಳಿದರು. ದೊಡ್ಡಪ್ಪನ ಕಿವಿ ಕೆಂಪಾದದ್ದನ್ನು ನೋಡಿದೆ, ಆ ಕ್ಷಣ ನನಗೆ ತುಂಬ ಹಿತವಾಯಿತು. ಹಿತ ಉಳಿದದ್ದು ಅತಿಥಿಗಳು ಮೆಟ್ಟಿಲಿಳಿಯುವ ತನಕ. ಬಾಗಿಲು ಹಾಕಿ ಬಂದ ಅಪ್ಪ ನನ್ನ ಮುಂದೆ ನಿಂತರು.

"ದೊಡ್ಡಪ್ಪನ ಹತ್ತಿರ ಕ್ಷಮೆ ಕೇಳು."

"ಯಾತಕ್ಕೆ?" ಕೇಳಿದವಳು ನಾನಲ್ಲ. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಒದ್ದೆ ಕೈಯಲ್ಲಿ ನಿಂತಿದ್ದಳು.

"ಹಿರಿಯರಿಗೆ ಹತ್ತು ಜನರ ಎದುರು ಅವಮಾನ ಮಾಡಿದ್ದಕ್ಕೆ."

"ನನ್ನ ಬಾಗಿಲು ಕಿತ್ತದ್ದಕ್ಕೆ ಯಾರು ಕ್ಷಮೆ ಕೇಳಿದ್ರು?"

ಆಗ ದೊಡ್ಡಪ್ಪ ಬಾಯಿಬಿಟ್ಟರು. ಅವರ ದನಿಯಲ್ಲಿ ನಿಜವಾದ ನೋವಿತ್ತು, ಅನ್ಯಾಯ ತಮಗೇ ಆದಂತೆ.

"ನಾನೇನು ಕದ್ದು ಕತ್ತರಿಸಿಲ್ಲ ಸುಮತಿ. ನಿನ್ನ ಗಂಡನನ್ನ ಕೇಳಿಯೇ ಕತ್ತರಿಸಿದ್ದು. ಅವನು ಆಯ್ತು ಅಂದ."

ಕೆಳಗೆ ರೈಲೊಂದು ಹೋಯಿತು. ಅದು ಪೂರ್ತಿ ದಾಟುವವರೆಗೆ ಅಮ್ಮ ಅಪ್ಪನನ್ನೇ ನೋಡುತ್ತಿದ್ದಳು. ಅಷ್ಟು ತಿಂಗಳು ಅವಳು ಭಾವನ ಮೇಲೆ ಮಾತ್ರ ಸಿಟ್ಟಿಟ್ಟುಕೊಂಡಿದ್ದಳು. ಗಂಡನ ಮೌನವನ್ನು ಅಣ್ಣನೆದುರಿನ ಸಂಕೋಚ ಅಂದುಕೊಂಡು, ಒಳಗೊಳಗೇ ಅವರನ್ನು ಕ್ಷಮಿಸಿದ್ದಳು.

"ಅದು ನಿಮ್ಮದಾಗಿತ್ತಾ?" ಅಂತ ಕೇಳಿದಳು.

"ಮನೆಯಲ್ಲಿರೋದೆಲ್ಲ ಮನೆಯದೇ ಅಲ್ವಾ," ಅಂದರು ಅಪ್ಪ.

"ಅಚ್ಛಾ," ಅಂದಳು ಅಮ್ಮ. "ಹಾಗಾದ್ರೆ ನಾಳೆಯಿಂದ ಅಡುಗೆನೂ ಮನೆಯೇ ಮಾಡಲಿ."

ಮಾರನೇ ಬೆಳಿಗ್ಗೆ ಅವಳು ಮೂರು ಡಬ್ಬಿ ಕಟ್ಟಿದಳು, ತನಗೆ, ನನಗೆ, ಜೀವನನಿಗೆ. ಗಂಡಸರಿಬ್ಬರೂ ಇದು ಎರಡು ದಿನದ ಮುನಿಸು ಅಂದುಕೊಂಡರು. ಎರಡು ದಿನ ಹೋಯಿತು, ವಾರ ಹೋಯಿತು. ಅಪ್ಪ ಆಫೀಸಿನ ಹತ್ತಿರ ಛೋಲೆ ಕುಲ್ಚೆ ತಿಂದು ಬರತೊಡಗಿದರು. ದೊಡ್ಡಪ್ಪ ಒಂದು ದಿನ ತಾವೇ ಅನ್ನ ಮಾಡಲು ಹೋಗಿ ಪಾತ್ರೆ ಸುಟ್ಟರು. ಅದನ್ನು ತೊಳೆಯದೆ ಬಿಟ್ಟರು, ಅಮ್ಮನೂ ತೊಳೆಯಲಿಲ್ಲ. ಅದು ಸಿಂಕಿನ ಪಕ್ಕ ಕೂತೇ ಇತ್ತು. ಪಾಸ್ಟರ್ ಬಂದು ಸಹನೆಯ ಬಗ್ಗೆ, ಕುಟುಂಬದ ಐಕ್ಯದ ಬಗ್ಗೆ ಅಮ್ಮನಿಗೆ ಮೆಲ್ಲಗೆ ಬುದ್ಧಿ ಹೇಳಿದರು. ಬುದ್ಧಿ ಹೇಳಿಸಿಕೊಳ್ಳಬೇಕಾದವಳು ಅಮ್ಮ ಎಂದು ಅವರಿಗೂ ಅನ್ನಿಸಿತ್ತಲ್ಲ, ಅದು ನನಗೆ ಗರಗಸಕ್ಕಿಂತ ಹೆಚ್ಚು ಕೊಯ್ಯಿತು. ಅಮ್ಮ ಅವರಿಗೆ ಚಹಾ ಕೊಟ್ಟಳು, ಎಲ್ಲ ಕೇಳಿಸಿಕೊಂಡಳು, ಬಾಗಿಲವರೆಗೆ ಹೋಗಿ ಬೀಳ್ಕೊಟ್ಟಳು. ಸಂಜೆ ಮತ್ತೆ ಮೂವರಿಗೇ ಅನ್ನವಿಟ್ಟಳು.

ಚಳಿ ಶುರುವಾಗುವ ಹೊತ್ತಿಗೆ ದೊಡ್ಡಪ್ಪ ಬೇರೆ ಕೋಣೆ ಹಿಡಿದರು. 'ಗೌರವ ಇಲ್ಲದ ಮನೆ' ಎಂದು ಹೇಳಿ ಹೋದರು. ಬೀಟೆಯ ಗಿಟಾರನ್ನು ಜೊತೆಗೆ ಒಯ್ದು ಅಲ್ಲಿ ಗೋಡೆಗೆ ನೇತುಹಾಕಿದರು. ಅದನ್ನು ಆಮೇಲೆ ಯಾರೂ ನುಡಿಸಲಿಲ್ಲ. ಪೆಟ್ಟಿಗೆಯ ಗಿಟಾರನ್ನು ಜೀವನ್ ನನ್ನನ್ನು ಕೇಳಿ ತೆಗೆದುಕೊಂಡ. ಅವರು ಹೋದ ಮೇಲೆ ಅಮ್ಮ ಮತ್ತೆ ಅಪ್ಪನಿಗೆ ತಟ್ಟೆಯಿಟ್ಟಳು. ಒಂದು ದಿನ ಅಪ್ಪ ಹೇಳದೆ ಕೇಳದೆ ಒಬ್ಬ ಬಡಗಿಯನ್ನು ಪ್ಲೈವುಡ್ ಬಾಗಿಲುಗಳೊಂದಿಗೆ ಕರೆತಂದರು. ಅಮ್ಮ ಅವನಿಗೂ ಚಹಾ ಕೊಟ್ಟು, ಬಾಗಿಲುಗಳ ಸಮೇತ ವಾಪಸ್ ಕಳಿಸಿದಳು. 'ತಪ್ಪಾಯ್ತು' ಎಂಬ ಒಂದು ಮಾತು ಸಾಕಿತ್ತು. ಅದನ್ನು ಅಪ್ಪ ಹೇಳಲಿಲ್ಲ. ಪ್ಲೈವುಡ್ ಹೇಳುತ್ತದೆ ಅಂದುಕೊಂಡರು.

ನಾನು ಗಿಟಾರು ಮಾಡುವವಳಾದೆ. ಮರಕ್ಕೆ ಕೆಲಸವೇ ಇಲ್ಲ ಎಂದು ನಾನು ಹೇಳುವುದಿಲ್ಲ. ತೂಕ ಮರದ್ದು, ಕುತ್ತಿಗೆ ಬಾಗದೆ ನಿಲ್ಲುವುದು ಮರದಿಂದ, ಮೀಟಿದ ಸ್ವರ ಎಷ್ಟು ಹೊತ್ತು ಉಳಿಯುತ್ತದೆ ಎಂಬುದರಲ್ಲೂ ಅದಕ್ಕೆ ಒಂದಿಷ್ಟು ಪಾಲಿರಬಹುದು. ಆದರೆ ಅಂಗಡಿಯವರು ಹೇಳುವ ಹಾಗೆ ಮರದ ಕುಲ ಕಿವಿಗೆ ಕೇಳುವುದಿಲ್ಲ. ಪಿಕಪ್ಪನ್ನು ಬೆರಳಗಲ ಸರಿಸಿದರೆ ಆಗುವ ವ್ಯತ್ಯಾಸದ ಮುಂದೆ ಅದು ಏನೂ ಅಲ್ಲ. ನಂಬದವರಿಗೆ ನಾನು ವಾದ ಮಾಡುವುದಿಲ್ಲ, ಪರದೆ ಕಟ್ಟಿ ಕೂರಿಸುತ್ತೇನೆ. ನಂಬಿಕೆಯ ಹೆಸರಲ್ಲಿ ಇನ್ನೊಬ್ಬರ ವಸ್ತುವನ್ನು ಕೊಯ್ಯುವವರು ಮೊದಲು ತಮ್ಮ ಕಿವಿಯನ್ನು ಪರೀಕ್ಷೆ ಮಾಡಿಕೊಳ್ಳಲಿ ಎಂಬ ಹಟ ನನಗೆ ಆ ಮನೆಯಲ್ಲೇ ಹುಟ್ಟಿದ್ದು.

ಈಚೆಗೆ ಜೀವನನ ಮಗಳ ದೀಕ್ಷಾಸ್ನಾನದ ಊಟಕ್ಕೆ ಎಲ್ಲರೂ ಸೇರಿದ್ದೆವು. ದೊಡ್ಡಪ್ಪನಿಗೆ ವಯಸ್ಸಾಗಿದೆ, ಕೋಲು ಹಿಡಿದು ನಡೆಯುತ್ತಾರೆ. ಬೆಂಗಳೂರಿನಿಂದ ಬಂದು ಗುರುಗ್ರಾಮದಲ್ಲಿ ಕೆಲಸ ಮಾಡುವ ಹುಡುಗ ಹುಡುಗಿಯರ ಗುಂಪೊಂದು ಅವರ ಸುತ್ತ ನಿಂತಿತ್ತು. ನಾನೂ ಅಮ್ಮನೂ ತಟ್ಟೆ ಹಿಡಿದು ಹತ್ತಿರ ಹೋದಾಗ ದೊಡ್ಡಪ್ಪ ಅವರಿಗೆ ನನ್ನನ್ನು ತೋರಿಸಿದರು.

"ಇವಳು ನಮ್ಮ ಅನು. ಗಿಟಾರು ಮಾಡ್ತಾಳೆ. ಎಲ್ಲ ನಾನೇ ಕಲಿಸಿದ್ದು."

ನಾನು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಶುರುಮಾಡಿದ್ದಳು. ದನಿ ಏರಿಸಲಿಲ್ಲ. ಹವಾಮಾನದ ಬಗ್ಗೆ ಹೇಳುವವಳ ಹಾಗೆ ಹೇಳಿದಳು.

"ಹೌದು, ಭಾವನೇ ಕಲಿಸಿದ್ದು. ಕೇಳಿದ್ರೆ ನಾನು ಬೇಡ ಅಂತೀನಿ ಅಂತ ಗೊತ್ತಿದ್ದೇ ನನ್ನ ಕಪಾಟಿಗೆ ಗರಗಸ ಹಾಕಿದ್ರು. ಅದನ್ನ ನೋಡಿ ಇವಳು ಕಲಿತಳು."

ಹುಡುಗರು ಹಳೇ ಕಾಲದ ತಮಾಷೆಯೊಂದನ್ನು ಕೇಳಿದವರಂತೆ ಜೋರಾಗಿ ನಕ್ಕರು. ದೊಡ್ಡಪ್ಪನೂ ಅವರ ಜೊತೆ ನಕ್ಕುಬಿಟ್ಟರು. ಅಮ್ಮ ನಗಲಿಲ್ಲ. ತಟ್ಟೆ ಹಿಡಿದು ಅವರ ಮುಂದೆ ಹಾಗೇ ನಿಂತಳು, ಹುಡುಗರ ನಗು ಒಂದೊಂದಾಗಿ ನಿಲ್ಲುವವರೆಗೆ, ಕೊನೆಗೆ ದೊಡ್ಡಪ್ಪ ಅವಳ ಕಣ್ಣು ತಪ್ಪಿಸಿ ಕೋಲಿನ ಮೇಲಿದ್ದ ತಮ್ಮ ಕೈಯನ್ನು ನೋಡಿಕೊಳ್ಳುವವರೆಗೆ.